ಸನ್ನದು ಬರುವ ಮೊದಲೇ ಗ್ರಾಹಕರಿಗಾಗಿ ಏನು ಮಾಡಬಹುದು?

"ಮೇಡಂ, ಗ್ರಾಹಕ ಕಾನೂನಿನಲ್ಲಿ ಕೆಲಸ ಮಾಡ್ಬೇಕು ಅಂತ ಆಸೆ. ಆದ್ರೆ ನಾನಿನ್ನೂ ಓದ್ತಾ ಇದ್ದೀನಿ. ಈಗ್ಲೇ ಏನಾದ್ರೂ ಮಾಡೋಕಾಗುತ್ತಾ?"

ಕಾನೂನು ವಿದ್ಯಾರ್ಥಿಗಳ ಜೊತೆ ಮಾತಾಡಲು ಹೋದಾಗಲೆಲ್ಲ, ಕಾರ್ಯಕ್ರಮ ಮುಗಿದ ಮೇಲೆ ಒಬ್ಬರಾದರೂ ಬಳಿ ಬಂದು ಇದನ್ನು ಕೇಳುತ್ತಾರೆ. ನಿಂತ ನಿಲುವಿನಲ್ಲೇ ಎರಡು ಮಾತು ಹೇಳಿ ಹೊರಟಿದ್ದೇ ಹೆಚ್ಚು. ಇವತ್ತು ಸಮಾಧಾನವಾಗಿ ಬರೆಯುತ್ತೇನೆ.

ಖಂಡಿತ ಆಗುತ್ತದೆ. ಸನ್ನದು, ಅಂದರೆ ವಕೀಲಿ ಮಾಡಲು ಬೇಕಾದ ಪರವಾನಗಿ, ಇಲ್ಲದೆ ಸಾಮಾನ್ಯವಾಗಿ ಇನ್ನೊಬ್ಬರ ಪರ ವಾದ ಮಾಡಲು ಬರುವುದಿಲ್ಲ, ನಿಜ. ಆದರೆ ನಾನು ಕಂಡ ಮಟ್ಟಿಗೆ ಗ್ರಾಹಕರ ದೂರುಗಳು ಬಿದ್ದುಹೋಗುವುದು ಬಹುತೇಕ ಕಾಗದಪತ್ರದ ಹಂತದಲ್ಲೇ. ಆ ಹಂತದ ಕೆಲಸಕ್ಕೆ ಕರಿಕೋಟು ಬೇಕಿಲ್ಲ. ತಾಳ್ಮೆ ಬೇಕು, ಕಣ್ಣು ಚುರುಕಾಗಿರಬೇಕು.

ಕಾನೂನು ನೆರವು ಕೇಂದ್ರವೊಂದರಲ್ಲಿ ನಡೆದದ್ದು ಹೇಳುತ್ತೇನೆ. ವಯಸ್ಸಾದ ಮಹಿಳೆಯೊಬ್ಬರು ಪ್ಲಾಸ್ಟಿಕ್ ಚೀಲದ ತುಂಬ ಕಾಗದ ತುಂಬಿಕೊಂಡು ಬಂದಿದ್ದರು. ವಾಷಿಂಗ್ ಮಷೀನು ಮೂರು ಸಲ ಕೆಟ್ಟಿತ್ತು. ವಾರಂಟಿ ಮುಗಿದ ಮೇಲೆ ದೂರು ಕೊಟ್ಟಿದ್ದೀರಿ, ರಿಪೇರಿಗೆ ದುಡ್ಡು ಕಟ್ಟಿ ಎಂದು ಕಂಪನಿಯವರು ಪತ್ರ ಬರೆದಿದ್ದರು. ಅಂದು ಅಲ್ಲಿದ್ದ ಎರಡನೇ ವರ್ಷದ ಹುಡುಗಿ ತಕ್ಷಣ ಕಾಯ್ದೆ ಪುಸ್ತಕ ತೆರೆದಳು. "ಪುಸ್ತಕ ಆಮೇಲೆ ನೋಡೋಣ, ಮೊದಲು ಅಮ್ಮನ ಚೀಲ ನೋಡಮ್ಮ" ಎಂದೆ. ಇಬ್ಬರೂ ಕಾಗದಗಳನ್ನೆಲ್ಲ ಮೇಜಿನ ಮೇಲೆ ಹರಡಿದರು. ಬಿಲ್ಲು, ವಾರಂಟಿ ಕಾರ್ಡು, ಮೆಕ್ಯಾನಿಕ್ ಬಂದುಹೋದಾಗ ಕೊಟ್ಟ ಚೀಟಿಗಳು. ಒಂದು ಚೀಟಿಯಲ್ಲಿ ಅಕ್ಷರ ಬಹುತೇಕ ಮಾಸಿತ್ತು. ಹುಡುಗಿ ಅದನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ತಾರೀಖು ಓದಿದಳು. ವಾರಂಟಿ ಮುಗಿಯಲು ಇನ್ನೂ ಒಂಬತ್ತು ದಿನ ಇರುವಾಗಲೇ ಮೆಕ್ಯಾನಿಕ್ ಮೊದಲ ಸಲ ಬಂದುಹೋಗಿದ್ದ!

ಆ ಚೀಟಿ ಇನ್ನೆರಡು ತಿಂಗಳಲ್ಲಿ ಖಾಲಿ ಹಾಳೆ ಆಗುತ್ತಿತ್ತು. ಕೂಡಲೇ ಫೋಟೋ ತೆಗೆದು ಜೆರಾಕ್ಸ್ ಮಾಡಿಸಿದೆವು. ಆಮೇಲೆ ಹುಡುಗಿ ಒಂದು ಹಾಳೆಯಲ್ಲಿ ಮೂರು ಕಾಲಂ ಎಳೆದಳು. ಯಾವತ್ತು, ಏನಾಯಿತು, ಅದಕ್ಕೆ ಯಾವ ಕಾಗದ ಸಾಕ್ಷಿ. ಅದರ ಆಧಾರದ ಮೇಲೆ ಒಂದೇ ಪುಟದ ಪತ್ರ ಬರೆದಳು, ಕೇಂದ್ರದ ವಕೀಲರು ತಿದ್ದಿದರು, ಅಮ್ಮ ಸಹಿ ಹಾಕಿದರು. ಕಂಪನಿಯವರು ದುಡ್ಡು ಕೇಳದೆ ಮೋಟಾರು ಬದಲಿಸಿಕೊಟ್ಟರು. ಪ್ರಕರಣ ದಾಖಲಿಸುವ ಪ್ರಮೇಯವೇ ಬರಲಿಲ್ಲ.

ಹಾಗಾಗಿ ನನ್ನ ಮೊದಲ ಸಲಹೆ ಇದು: ನಿಮ್ಮ ಕಾಲೇಜಿನಲ್ಲೋ ಹತ್ತಿರದಲ್ಲೋ ಕಾನೂನು ನೆರವು ಕೇಂದ್ರವಿದ್ದರೆ ವಾರಕ್ಕೆ ಒಂದು ಮಧ್ಯಾಹ್ನ ಅಲ್ಲಿ ಕೂರಿ. ಗ್ರಾಹಕ ತಾನೇ ನಿಂತು ದೂರು ಹೇಳಿಕೊಳ್ಳಬಹುದಾದ ವೇದಿಕೆಗಳು ಅನೇಕ ದೇಶಗಳಲ್ಲಿವೆ. ಅಲ್ಲಿಗೆ ಹೋಗುವವರಿಗೆ ವಕೀಲರಿಲ್ಲದಿದ್ದರೂ ನಡೆದೀತು, ಆ ಮೂರು ಕಾಲಮ್ಮಿನ ಹಾಳೆ ಇಲ್ಲದಿದ್ದರೆ ಕಷ್ಟ.

ವಿಚಾರಣೆ ನೋಡಲು ಅವಕಾಶವಿದ್ದರೆ ಹೋಗಿ ನೋಡಿ. ತೀರ್ಪುಗಳನ್ನೂ ಓದಿ, ಅದರಲ್ಲೂ ವಜಾ ಆದವನ್ನು. ಕಾಲಮಿತಿ ದಾಟಿದ್ದು, ವ್ಯಾಪಾರಕ್ಕೆಂದು ಕೊಂಡಿದ್ದರಿಂದ "ಗ್ರಾಹಕ" ಎಂಬ ವ್ಯಾಖ್ಯೆಯೊಳಗೆ ಬಾರದೆ ಹೋದದ್ದು, ದೋಷ ಇತ್ತೆನ್ನಲು ಪುರಾವೆ ಇಲ್ಲದ್ದು. ಇಪ್ಪತ್ತು ತೀರ್ಪು ಓದಿದರೆ ಎದುರಿಗೆ ಕೂತವರಿಗೆ ಮೊದಲು ಏನು ಕೇಳಬೇಕು ಎನ್ನುವುದು ತಾನಾಗಿ ಹೊಳೆಯುತ್ತದೆ.

"ಚಿಕ್ಕಪುಟ್ಟ ಕೆಲಸ ಬಿಡಿ ಮೇಡಂ, ವಿದ್ಯಾರ್ಥಿಗಳಿಂದ ದೊಡ್ಡದೇನಾದರೂ ಆದದ್ದುಂಟೇ?" ಎಂದು ಕೇಳುವವರೂ ಇದ್ದಾರೆ. ಉಂಟು. 1968ರ ಬೇಸಿಗೆಯಲ್ಲಿ ಅಮೆರಿಕದ ಗ್ರಾಹಕ ಹಕ್ಕುಗಳ ಹೋರಾಟಗಾರ ರಾಲ್ಫ್ ನೇಡರ್ ಏಳು ಮಂದಿ ಯುವಜನರನ್ನು ಕಟ್ಟಿಕೊಂಡು ಫೆಡರಲ್ ಟ್ರೇಡ್ ಕಮಿಷನ್ನಿನ ಕೆಲಸವನ್ನೇ ಪರಿಶೀಲಿಸಲು ಹೊರಟರು. ಆ ಏಳರಲ್ಲಿ ಹೆಚ್ಚಿನವರು ಕಾನೂನು ಓದುತ್ತಿದ್ದವರು. ಗ್ರಾಹಕರನ್ನು ಮೋಸದಿಂದ ಕಾಯಬೇಕಾದ ಸಂಸ್ಥೆಯೇ ತೂಕಡಿಸುತ್ತಿದೆ ಎಂದು ಅವರು ಬರೆದ ವರದಿ 1969ರಲ್ಲಿ ಹೊರಬಂತು. ಅದೇ ವರ್ಷ ಅಮೆರಿಕದ ವಕೀಲರ ಸಂಘ ನಡೆಸಿದ ಪರಿಶೀಲನೆಯೂ ಆ ಸಂಸ್ಥೆಯ ಕೊರತೆಗಳನ್ನು ಎತ್ತಿ ತೋರಿಸಿತು. ಮುಂದಿನ ವರ್ಷಗಳಲ್ಲಿ ಸಂಸ್ಥೆಯನ್ನು ಮರುಸಂಘಟಿಸಲಾಯಿತು. ಆ ವಿದ್ಯಾರ್ಥಿಗಳು ಮಾಡಿದ್ದಾದರೂ ಏನು? ಕಚೇರಿಗೆ ಹೋದರು, ಅಧಿಕಾರಿಗಳನ್ನು ಮಾತಾಡಿಸಿದರು, ಕಡತ ಕೇಳಿದರು, ಕಂಡದ್ದನ್ನು ಬರೆದರು.

ಇನ್ನೊಬ್ಬರು ಆಸ್ಟ್ರಿಯಾದ ಮ್ಯಾಕ್ಸ್ ಶ್ರೆಮ್ಸ್. ಕಾನೂನು ವಿದ್ಯಾರ್ಥಿಯಾಗಿದ್ದಾಗ ಅವರು, ನನ್ನ ಬಗ್ಗೆ ನೀವು ಇಟ್ಟುಕೊಂಡಿರುವ ಮಾಹಿತಿ ಕೊಡಿ ಎಂದು ಫೇಸ್‌ಬುಕ್ಕನ್ನು ಕೇಳಿದರು. ಬಂದದ್ದು 1,200ಕ್ಕೂ ಹೆಚ್ಚು ಪುಟ. 2011ರಲ್ಲಿ, ಫೇಸ್‌ಬುಕ್ಕಿನ ಯುರೋಪ್ ಕಚೇರಿ ಇರುವ ಐರ್ಲೆಂಡಿನ ಮಾಹಿತಿ ರಕ್ಷಣಾ ನಿಯಂತ್ರಕರಿಗೆ ದೂರು ಕೊಡಲು ಶುರುಮಾಡಿದರು. 2013ರಲ್ಲಿ ಕೊಟ್ಟ ಇನ್ನೊಂದು ದೂರು ಯುರೋಪಿನ ನ್ಯಾಯಾಲಯದವರೆಗೆ ಹೋಗಿ, ಯುರೋಪಿನಿಂದ ಅಮೆರಿಕಕ್ಕೆ ಮಾಹಿತಿ ಸಾಗಿಸಲು ಆಧಾರವಾಗಿದ್ದ ಒಪ್ಪಂದವೇ 2015ರಲ್ಲಿ ರದ್ದಾಯಿತು. ಎಲ್ಲ ಶುರುವಾದದ್ದು ಬಳಕೆದಾರನೊಬ್ಬ ಇಟ್ಟ ಸಾದಾ ಕೋರಿಕೆಯಿಂದ.

ಇಂಥ ಕೆಲಸಕ್ಕೆ ಇವತ್ತು ಸಾಮಗ್ರಿ ನಿಮ್ಮ ಫೋನಿನಲ್ಲೇ ಇದೆ. ಒಂದು ಆ್ಯಪ್‌ಗೆ ಚಂದಾದಾರರಾಗಲು ಎಷ್ಟು ಸಲ ಒತ್ತಬೇಕು, ಚಂದಾ ರದ್ದು ಮಾಡಲು ಎಷ್ಟು ಸಲ ಒತ್ತಬೇಕು, ಎಣಿಸಿ. ಪ್ರತಿ ಹಂತದ ಸ್ಕ್ರೀನ್‌ಶಾಟ್ ತಾರೀಖಿನ ಸಮೇತ ಇಡಿ. ಹತ್ತು ಜನ ಸೇರಿ ಐವತ್ತು ಆ್ಯಪ್‌ ನೋಡಿದರೆ ಯಾವುದೇ ಗ್ರಾಹಕ ಸಂಘ ಅದನ್ನು ಸಂತೋಷದಿಂದ ಮುಂದಕ್ಕೆ ಒಯ್ಯುತ್ತದೆ. ಪ್ರಬಂಧ ಸ್ಪರ್ಧೆ, ಅಣಕು ನ್ಯಾಯಾಲಯ ಬೇಡ ಎನ್ನುವುದಿಲ್ಲ. ಆದರೆ ಅಲ್ಲಿ ಎದುರಿಗೆ ಯಾರೂ ಚೀಲ ಹಿಡಿದು ಕೂತಿರುವುದಿಲ್ಲ.

ಎರಡು ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ವಕೀಲರ ಮೇಲ್ವಿಚಾರಣೆ ಇಲ್ಲದೆ ಯಾರಿಗೂ ಕಾನೂನು ಸಲಹೆ ಕೊಡಬೇಡಿ, "ಗೆದ್ದೇ ಗೆಲ್ತೀರ" ಎಂದಂತೂ ಹೇಳಲೇಬೇಡಿ. ಇನ್ನು, ಅವರ ಮೂಲ ಕಾಗದ ನಿಮ್ಮ ಬಳಿ ಉಳಿಯಕೂಡದು. ನಕಲು ಮಾಡಿಕೊಳ್ಳಿ, ಮೂಲವನ್ನು ಎಣಿಸಿ ಅವರ ಕೈಗೇ ಕೊಡಿ. ಆ ದಿನ ಅಮ್ಮ ಹೊರಟಾಗ ಹುಡುಗಿ ಚೀಟಿಗಳನ್ನೆಲ್ಲ ತಾರೀಖಿನ ಪ್ರಕಾರ ಜೋಡಿಸಿ, ಮಾಸಿದ್ದನ್ನು ಬೇರೆ ಕವರಿನಲ್ಲಿಟ್ಟು, ಮೇಲೆ ದಪ್ಪ ಅಕ್ಷರದಲ್ಲಿ ಬರೆದುಕೊಟ್ಟಿದ್ದಳು: "ಇದನ್ನು ಬಿಸಿಲಿಗೆ ಇಡಬೇಡಿ."