ಬೆಳಿಗ್ಗೆ ಹುಟ್ಟು, ಮಧ್ಯಾಹ್ನ ಹಾಯಿ: ಸೆರ್-ಪೋನ್ಸೋ ಹಿನ್ನೀರಿನಲ್ಲಿ ಒಂದು ದಿನ

ಫ್ರಾನ್ಸಿನ ದಕ್ಷಿಣ ಆಲ್ಪ್ಸ್‌ನಲ್ಲಿ ಡ್ಯೂರಾನ್ಸ್ ನದಿಗೆ 123 ಮೀಟರ್ ಎತ್ತರದ ಮಣ್ಣಿನ ಅಣೆಕಟ್ಟು ಕಟ್ಟಿದ್ದರಿಂದ ಆದ ಹಿನ್ನೀರು ಸೆರ್-ಪೋನ್ಸೋ. ತುಂಬಿದಾಗ ನೀರಿನ ಮಟ್ಟ ಸಮುದ್ರಮಟ್ಟದಿಂದ 780 ಮೀಟರ್, ಹರವು ಸುಮಾರು 28 ಚದರ ಕಿಲೋಮೀಟರ್. ಹಳೆಯ ಸವೀನ್ ಊರು ಇದರಡಿ ಹೋಯಿತು. ಸೇಂಟ್ ಮಿಶೆಲ್ ಪ್ರಾರ್ಥನಾ ಮಂದಿರವೊಂದು ದಿಬ್ಬದ ಮೇಲಿದ್ದುದರಿಂದ ಉಳಿದು, ಈಗ ನಡುನೀರಿನ ದ್ವೀಪದಲ್ಲಿ ನಿಂತಿದೆ. ಶರಾವತಿ ಕಣಿವೆಯವರಿಗೆ ಮುಳುಗಡೆ ಎಂದರೆ ಸಾಕು, ಮಿಕ್ಕದ್ದು ಅರ್ಥವಾಗುತ್ತದೆ.

ಇಲ್ಲಿ ಬೇಸಿಗೆಯ ದಿನದ ವೇಳಾಪಟ್ಟಿ ಬರೆಯುವುದು ಬಿಸಿಲು. ರಾತ್ರಿಯಿಡೀ ಬೆಟ್ಟದಿಂದ ಇಳಿದುಬರುವ ತಣ್ಣನೆಯ ಗಾಳಿ ಸೂರ್ಯ ಏರುತ್ತಿದ್ದಂತೆ ನಿಲ್ಲುತ್ತದೆ. ಆಮೇಲೆ ಕೆಲವು ಗಂಟೆ ನೀರು ಎಣ್ಣೆ ಸುರಿದಂತೆ ನಯವಾಗಿರುತ್ತದೆ. ಇಳಿಜಾರುಗಳು ಕಾದು ಅಲ್ಲಿನ ಗಾಳಿ ಮೇಲೇರತೊಡಗಿದ ಮೇಲೆ, ಆ ಜಾಗ ತುಂಬಲು ಕಣಿವೆಯ ಕೆಳಭಾಗದಿಂದ ಗಾಳಿ ನುಗ್ಗುತ್ತದೆ. ಸಾಮಾನ್ಯವಾಗಿ ಊಟದ ಹೊತ್ತು ಕಳೆದ ಮೇಲೆ. ಆದ್ದರಿಂದ ಹುಟ್ಟು ಮೊದಲು, ಹಾಯಿ ಆಮೇಲೆ: ಬೆಳಿಗ್ಗೆ ಎರಡು ಹುಟ್ಟಿನ ದೋಣಿಯಲ್ಲಿ ರೋಯಿಂಗ್, ಮಧ್ಯಾಹ್ನ ಹಾಯಿ ಸಿಕ್ಕಿಸಿದ ಹಲಗೆಯ ಮೇಲೆ ನಿಂತು ವಿಂಡ್‌ಸರ್ಫಿಂಗ್.

ದೋಣಿಗೆ ಕೂರುವ ಮುನ್ನ ಮೂರು ನೋಟ: ಹುಟ್ಟು ಕೂರುವ ಕೊಂಡಿಯ ತಿರುಪು ಬಿಗಿಯಾಗಿದೆಯೇ, ಮೂತಿಯ ರಬ್ಬರ್ ಉಂಡೆ ಇದೆಯೇ, ದೋಣಿಯೊಳಗೇ ಬಿಗಿದಿರುವ ಶೂಗಳ ಹಿಮ್ಮಡಿ ದಾರ ಕಟ್ಟಿದೆಯೇ. ಆ ದಾರವನ್ನು ಯಾರೂ ಗಮನಿಸುವುದಿಲ್ಲ. ದೋಣಿ ಮಗುಚಿದರೆ ಹಿಮ್ಮಡಿ ಸ್ವಲ್ಪ ಏರುತ್ತಲೇ ದಾರ ಶೂವನ್ನು ಹಿಡಿದು ನಿಲ್ಲಿಸುತ್ತದೆ, ಪಾದ ತಾನಾಗಿ ಜಾರಿ ಹೊರಬರುತ್ತದೆ. ದಾರ ಇಲ್ಲದಿದ್ದರೆ ಕಾಲು ಒಳಗೇ ಸಿಕ್ಕಿಕೊಳ್ಳುತ್ತದೆ.

ಎಳೆತದ ಕ್ರಮ ಕಾಲು, ಬೆನ್ನು, ಕೈ. ಮುಂದಕ್ಕೆ ಬರುವಾಗ ಕೈ, ಬೆನ್ನು, ಕಾಲು. ನಿಮಿಷಕ್ಕೆ 18–20 ಎಳೆತ ಸಾಕು. ಎಳೆಯಲು ಒಂದು ಪಾಲು ಹೊತ್ತು, ಮರಳಲು ಎರಡು ಪಾಲು. ಎರಡು ಹುಟ್ಟಿನ ಹಿಡಿಗಳು ನಡುವೆ ಒಂದರ ಮೇಲೊಂದು ಬರುತ್ತವೆ, ಅಲ್ಲಿ ಎಡಗೈ ಮೇಲಿರಲಿ. ಹೊಸಬರನ್ನು ಕಾಡುವುದು ಹುಟ್ಟು ಸಿಕ್ಕಿಬೀಳುವುದು. ಅಲಗು ನೀರಿನಿಂದ ಪೂರ್ತಿ ಹೊರಬರುವ ಮೊದಲೇ ಮಣಿಕಟ್ಟು ತಿರುಗಿಸಿದರೆ ಅದು ಓರೆಯಾಗಿ ಆಳಕ್ಕೆ ಇಳಿಯುತ್ತದೆ. ದೋಣಿಯ ವೇಗವೇ ಹಿಡಿಯನ್ನು ಹೊಟ್ಟೆಗೆ ತಳ್ಳುತ್ತದೆ. ಅದರೊಂದಿಗೆ ಹೋರಾಡಬೇಡಿ, ಹಿಂದಕ್ಕೆ ಒರಗಿ, ಹಿಡಿ ತಲೆಯ ಮೇಲಿಂದ ದಾಟಲಿ. ಮುಂದಿನ ಬಾರಿ ಮೊದಲು ಹಿಡಿಯನ್ನು ಕೆಳಗೆ ಒತ್ತಿ, ಅಲಗು ಮೇಲೆದ್ದ ಮೇಲೆ ತಿರುಗಿಸಿ. ಕೂರುವುದು ಹಿಮ್ಮುಖವಾಗಿಯಾದ್ದರಿಂದ ಐದು ಎಳೆತಕ್ಕೊಮ್ಮೆ ಹೆಗಲ ಮೇಲಿಂದ ತಿರುಗಿ ನೋಡಲೇಬೇಕು. ನೀರಿನ ಮಟ್ಟ ಇಳಿದಿದ್ದರೆ ದಡದ ಹತ್ತಿರ ಕಲ್ಲುದಿಬ್ಬ, ಕಾಲು ಹೂಳುವ ಕೆಸರು ಎರಡೂ ಕಾದಿರುತ್ತವೆ.

ಮಧ್ಯಾಹ್ನದ ಹಾಯಿಯಲ್ಲಿ ಗೆಲುವು ಸೋಲು ತೀರ್ಮಾನವಾಗುವುದು ದಡದಲ್ಲೇ. ಕಂಬದ ಎರಡು ತುಂಡು ಸೇರುವ ಜಾಗದ ಮರಳು ಒರೆಸಿ, ಇಲ್ಲದಿದ್ದರೆ ಸಂಜೆ ಇಬ್ಬರು ಎಳೆದರೂ ಬಿಡದು. ಹಾಯಿಯ ಮೇಲೆ ಕಂಬದ ಮತ್ತು ಬೂಮಿನ (ಕೈಯಲ್ಲಿ ಹಿಡಿಯುವ ಅಡ್ಡಕೋಲು) ಉದ್ದ ಸೆಂಟಿಮೀಟರ್‌ನಲ್ಲಿ ಅಚ್ಚಾಗಿರುತ್ತದೆ, ಅಷ್ಟಕ್ಕೇ ಹೊಂದಿಸಿ. ಮೊದಲು ಹಾಯಿಯನ್ನು ಕಂಬದ ಬುಡಕ್ಕೆ ಎಳೆಯುವ ಡೌನ್‌ಹಾಲ್ ಹಗ್ಗ: ತುದಿಯ ಕಡೆ ಹಿಂದಂಚು ಸಡಿಲವಾಗಿ, ಬೆರಳಿಂದ ತಟ್ಟಿದರೆ ಅಲುಗುವಷ್ಟು ಎಳೆಯಬೇಕು. ಕೈ ಸಾಕೆನ್ನುವಲ್ಲಿಗೆ ನಿಲ್ಲಿಸುವವರೇ ಹೆಚ್ಚು. ಆಗ ಗಾಳಿ ಜೋರಾದಾಗ ತುದಿ ಬಾಗಿ ಗಾಳಿಯನ್ನು ಬಿಟ್ಟುಕೊಡುವುದಿಲ್ಲ, ಹಾಯಿಯ ಹೊಟ್ಟೆ ಹಿಂದಕ್ಕೆ ಸರಿದು ಬೂಮ್ ಹಿಡಿದ ಹಿಂದಿನ ಕೈಯನ್ನು ಕಿತ್ತುಹಾಕುತ್ತದೆ. ಹಾಯಿಯ ಹಿಂದಿನ ಮೂಲೆಯನ್ನು ಬೂಮಿನ ತುದಿಗೆ ಎಳೆಯುವ ಔಟ್‌ಹಾಲ್ ಹಗ್ಗ ಮಾತ್ರ ಎರಡು ಮೂರು ಸೆಂಟಿಮೀಟರ್ ಬಿಗಿದರೆ ಸಾಕು. ಬೂಮ್ ಎದೆಯಿಂದ ಹೆಗಲಿನ ನಡುವಿನ ಎತ್ತರಕ್ಕೆ. ಕೊನೆಗೆ ಕಂಬದ ಬುಡದ ರಬ್ಬರ್ ಕೀಲನ್ನು ಬಗ್ಗಿಸಿ ನೋಡಿ. ಬಿರುಕು ಕಾಣುವುದು ಬಗ್ಗಿಸಿದಾಗ ಮಾತ್ರ. ಕೂದಲೆಳೆಯಷ್ಟು ಕಂಡರೂ ಬದಲಿಸಿ.

780 ಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ಕಡಲ ದಡಕ್ಕಿಂತ ಶೇ. 7ರಷ್ಟು ಕಡಿಮೆ. ಅದೇ ವೇಗದ ಗಾಳಿಗೆ ತಳ್ಳುವ ಬಲವೂ ಅಷ್ಟೇ ಕಡಿಮೆ. ಕಡಲಲ್ಲಿ 6.5 ಚದರ ಮೀಟರ್ ಹಾಯಿ ಕಟ್ಟುವವರು ಇಲ್ಲಿ 7 ಕಟ್ಟಿದರೆ ಸರಿಹೋಗುತ್ತದೆ. ಕಲಿಯುವವರಿಗೆ 70 ಕಿಲೋ ತೂಕಕ್ಕೆ 160ರಿಂದ 200 ಲೀಟರ್‌ನ ಹಲಗೆ, 4.5–5ರ ಹಾಯಿ ಸಾಕು. ಹಾಯಿ ಎತ್ತುವಾಗ ಬೆನ್ನು ನೇರ, ಮಂಡಿ ಬಾಗಿರಲಿ, ಭಾರ ಹಿಂದಕ್ಕಿರಲಿ. ಸೊಂಟದಿಂದ ಎತ್ತಿದವರು ಅರ್ಧ ಗಂಟೆಗೆ ಸುಸ್ತಾಗುತ್ತಾರೆ. ಹಾಯಿಯನ್ನು ಹಲಗೆಯ ಹಿಂದಕ್ಕೆ ವಾಲಿಸಿದರೆ ಗಾಳಿಯೆದುರು, ಮುಂದಕ್ಕೆ ವಾಲಿಸಿದರೆ ಗಾಳಿಯ ಜೊತೆ.

ನೀರು ಹಿಮ ಕರಗಿ ಬಂದದ್ದು. ನಡುಬೇಸಿಗೆಗೆ 3/2 ಮಿಲಿಮೀಟರ್ (ಮೈಗೆ 3, ಕೈಕಾಲಿಗೆ 2) ದಪ್ಪದ ವೆಟ್‌ಸೂಟ್ ಎಂಬ ಬೆಚ್ಚನೆಯ ರಬ್ಬರ್ ಉಡುಪು, ಮೇ ತಿಂಗಳಲ್ಲಿ 5. ತಣ್ಣೀರಿಗೆ ಬಿದ್ದೊಡನೆ ಉಸಿರು ತಾನಾಗಿ ಎಳೆದುಕೊಳ್ಳುತ್ತದೆ. ಒಂದು ನಿಮಿಷ ಈಜಲು ಹೋಗದೆ ಹಲಗೆ ಹಿಡಿದು ತೇಲಿ, ಉಸಿರು ಹದಕ್ಕೆ ಬರುತ್ತದೆ.

ಮೊದಲ ಓಟ ಯಾವಾಗಲೂ ಗಾಳಿಯೆದುರಿಗೆ ಇರಲಿ, ಮರಳುವ ದಾರಿ ಸುಲಭವಾಗುತ್ತದೆ. ಶಿಖರದ ಮೇಲೆ ಹೂಕೋಸಿನಂಥ ಮೋಡ ಎತ್ತರಕ್ಕೆ ಬೆಳೆಯುತ್ತಿದ್ದರೆ ಗುಡುಗಿಗೆ ಕಾಯದೆ ದಡ ಸೇರಿ. ಗಾಳಿ ಒಮ್ಮೆಲೇ ದಿಕ್ಕು ಬದಲಿಸುತ್ತದೆ. ಮೋಡವಿಲ್ಲದ ದಿನವೂ ಇಳಿಜಾರಿಗೆ ನೆರಳು ಬಿದ್ದಂತೆ ಗಾಳಿ ಸೋರಿಹೋಗುತ್ತದೆ. ನಡುನೀರಲ್ಲಿ ಸಿಕ್ಕಿಕೊಂಡರೆ ಹಾಯಿಯನ್ನು ಹಲಗೆಯ ಹಿಂಬದಿಗೆ ಎಳೆದು, ಬೂಮನ್ನು ಅದರ ಮೇಲೇರಿಸಿ, ಅಂಗಾತ ಅಲ್ಲ, ಬೋರಲು ಮಲಗಿ ಎರಡೂ ಕೈಯಲ್ಲಿ ನೀರು ತೋಡುತ್ತಾ ಬನ್ನಿ. ಹಲಗೆಯನ್ನು ಬಿಟ್ಟು ಈಜಬೇಡಿ.