ಟ್ರೆಂಟನ್ನಿನ ಕೋರ್ಟು, ನಮ್ಮ ಟೌನ್‌ಶಿಪ್ಪಿನ ಫ್ಲಾಟುಗಳು

ನ್ಯೂಜೆರ್ಸಿಯ ನಮ್ಮ ಕನ್ನಡದವರ ಮನೆಗಳಲ್ಲಿ ಕೋರ್ಟಿನ ಮಾತು ಬಂದರೆ ಅದು ವೀಸಾ, ಗ್ರೀನ್ ಕಾರ್ಡ್ ಬಗ್ಗೆಯೇ. ಎಲ್ಲರ ಕಣ್ಣು ವಾಷಿಂಗ್ಟನ್ ಕಡೆಗೆ. ರಾಜ್ಯದ ರಾಜಧಾನಿ ಟ್ರೆಂಟನ್‌ನಲ್ಲಿ ಕೂರುವ ರಾಜ್ಯ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳನ್ನು ಯಾರೂ ನೆನೆಯುವುದಿಲ್ಲ. ಭಾರತದಲ್ಲಿ ರಾಜ್ಯಗಳಿಗೆ ಹೈಕೋರ್ಟ್, ಅದರ ಮೇಲೆ ದೆಹಲಿಯ ಸುಪ್ರೀಂ ಕೋರ್ಟ್. ಇಲ್ಲಿ ರಾಜ್ಯಕ್ಕೇ ತನ್ನದೊಂದು ಸಂವಿಧಾನ, ಅದರ ಅರ್ಥ ಹೇಳಲು ತನ್ನದೇ ಸುಪ್ರೀಂ ಕೋರ್ಟ್. ಕೇಸು ಬರೀ ರಾಜ್ಯದ ಸಂವಿಧಾನದ್ದಾದರೆ ಕೊನೆಯ ಮಾತು ಟ್ರೆಂಟನ್‌ನದೇ. ನಮ್ಮ ಸಂಬಳದಲ್ಲಿ ಹಿಡಿಯುವ ರಾಜ್ಯದ ಆದಾಯ ತೆರಿಗೆಯ ಹಿಂದೆಯೂ ಈ ಕೋರ್ಟೇ ಇದೆ. ಬಡ ಊರಿನ ಶಾಲೆಗಳಿಗೆ ನ್ಯಾಯವಾದ ಹಣ ಸಿಗುತ್ತಿಲ್ಲ ಎಂಬ ಕೇಸಿನಲ್ಲಿ, ಶಾಸಕರು ಹಣದ ವ್ಯವಸ್ಥೆ ಮಾಡುವ ತನಕ 1976ರ ಜುಲೈ 1ರಿಂದ ಸರ್ಕಾರಿ ಶಾಲೆಗಳಿಗೆ ದುಡ್ಡು ಖರ್ಚು ಮಾಡುವಂತಿಲ್ಲ ಎಂದು ಅದು ತಡೆ ಹಾಕಿತು. ಕೆಲವೇ ದಿನಗಳಲ್ಲಿ ಅವರು ಆದಾಯ ತೆರಿಗೆಯ ಮಸೂದೆ ಪಾಸು ಮಾಡಿದರು.

ನಾನು ವಕೀಲೆಯಲ್ಲ, ಅಕೌಂಟ್ಸ್ ಕೆಲಸದವಳು. ಕೋರ್ಟಿನ ವಾದಗಳು ನೇರ ಪ್ರಸಾರವಾಗುತ್ತವೆ. ಅಡುಗೆ ಮಾಡುತ್ತಾ ರೆಕಾರ್ಡಿಂಗ್ ಕೇಳುತ್ತೇನೆ. ತೀರ್ಪು ಬಂದ ದಿನ ಮೊದಲು ಅದರ ಮುಂದಿರುವ ಸಾರಾಂಶ ಓದಿ, ಆಮೇಲೆ ನೇರ ಭಿನ್ನ ತೀರ್ಪಿಗೆ ಹೋಗುತ್ತೇನೆ. ಒಪ್ಪದ ನ್ಯಾಯಮೂರ್ತಿ ಬರೆದದ್ದನ್ನು ಓದಿದರೆ ಬಹುಮತದವರು ಎಲ್ಲಿ ಕಷ್ಟಪಟ್ಟಿದ್ದಾರೆ ಎಂಬುದು ಬೇಗ ಗೊತ್ತಾಗುತ್ತದೆ.

ಈ ಅಭ್ಯಾಸ ಹಿಡಿಸಿದ್ದು ಮೌಂಟ್ ಲಾರೆಲ್ ಕೇಸು. ನಮ್ಮ ಟೌನ್‌ಶಿಪ್‌ನಲ್ಲಿ (ಇಲ್ಲಿ ಅದು ತನ್ನದೇ ಸ್ಥಳೀಯ ಆಡಳಿತವಿರುವ ಊರು) ಕಡಿಮೆ ಆದಾಯದವರಿಗೆ ಫ್ಲಾಟು ಬರುತ್ತದೆ ಎಂಬ ಸುದ್ದಿಗೆ ನೆರೆಹೊರೆಯವರ ವಾಟ್ಸಾಪ್ ಗುಂಪು ಹೊತ್ತಿ ಉರಿಯಿತು. ಕಳ್ಳತನ ಜಾಸ್ತಿಯಾಗುತ್ತೆ, ಮನೆ ರೇಟು ಬೀಳುತ್ತೆ, ಶಾಲೆ ತುಂಬಿಹೋಗುತ್ತೆ ಎಂದು ಬರೆದವರಲ್ಲಿ ನಮ್ಮವರೂ ಇದ್ದರು. ಈ ಫ್ಲಾಟು ಕಟ್ಟಲೇಬೇಕು ಅಂತ ಯಾರು ಹೇಳಿದ್ದು ಎಂದು ಹುಡುಕುತ್ತಾ ಆ ಕೇಸಿನ 1975ರ ತೀರ್ಪಿಗೆ ಬಂದು ನಿಂತೆ.

ಮೌಂಟ್ ಲಾರೆಲ್ ಇರುವುದು ಫಿಲಡೆಲ್ಫಿಯಾ ಕಡೆಗೆ, ಬರ್ಲಿಂಗ್ಟನ್ ಕೌಂಟಿಯಲ್ಲಿ. ತಲೆಮಾರುಗಳಿಂದ ಅಲ್ಲೇ ಬಾಳಿದ ಕಪ್ಪು ಕುಟುಂಬಗಳಿದ್ದವು. ಅವರಲ್ಲಿ ಕೆಲವರು ಕೋಳಿಗೂಡುಗಳನ್ನೇ ಮನೆ ಮಾಡಿಕೊಂಡಿದ್ದರು. ಟೌನ್‌ಶಿಪ್ ಆ ಮನೆಗಳು ವಾಸಕ್ಕೆ ಯೋಗ್ಯವಲ್ಲ ಎನ್ನುತ್ತಿತ್ತು, ಆದರೆ ಅವರಿಗಾಗಿ 36 ಫ್ಲಾಟು ಕಟ್ಟಲು ಅನುಮತಿ ಕೊಡಲಿಲ್ಲ. ಯಾವ ಜಾಗದಲ್ಲಿ ಏನು ಕಟ್ಟಬಹುದು ಎಂದು ಹೇಳುವ ಅಲ್ಲಿನ ನಿಯಮ, ಅಂದರೆ ಜೋನಿಂಗ್, ಹೆಚ್ಚಾಗಿ ದೊಡ್ಡ ಸೈಟಿನ ಒಂಟಿ ಮನೆಗಳ ಪರವಾಗಿಯೇ ಇತ್ತು. 1970ರಲ್ಲಿ ಚರ್ಚಿನ ಸಭೆಗೆ ಬಂದ ಮೇಯರ್, ಇಲ್ಲಿ ಬದುಕಲು ಆಗದಿದ್ದರೆ ಊರು ಬಿಡಿ ಎಂಬರ್ಥದ ಮಾತನ್ನೇ ಆಡಿದರು. ಎಥೆಲ್ ಲಾರೆನ್ಸ್ ಎಂಬ ತಾಯಿ ಬಿಡಲಿಲ್ಲ. 1971ರಲ್ಲಿ ಕೇಸು ದಾಖಲಾಯಿತು. ನಮ್ಮ ಹಳ್ಳಿಗಳಲ್ಲಿ ಊರಿನಿಂದಾಚೆ ಇಟ್ಟ ಕೇರಿಯನ್ನು ಕಂಡು ಬೆಳೆದ ನನಗೆ ಈ ಕಥೆ ಪರದೇಶದ್ದು ಅನ್ನಿಸಲೇ ಇಲ್ಲ.

ನ್ಯಾಯಮೂರ್ತಿ ಫ್ರೆಡರಿಕ್ ಹಾಲ್ ಬರೆದ ತೀರ್ಪು ರಾಜ್ಯದ ಸಂವಿಧಾನದ ಮೇಲಷ್ಟೇ ನಿಂತಿದೆ. ಜೋನಿಂಗ್ ಅಧಿಕಾರ ಊರಿನ ಸ್ವಂತ ಆಸ್ತಿಯಲ್ಲ, ರಾಜ್ಯ ಕೊಟ್ಟಿದ್ದು. ಅದನ್ನು ಎಲ್ಲರ ಹಿತಕ್ಕೆ ಬಳಸಬೇಕು, ಪ್ರತಿ ಬೆಳೆಯುತ್ತಿರುವ ಊರೂ ತನ್ನ ಪಾಲಿನ ಬಡವರ ಮನೆಗಳಿಗೆ ಜಾಗ ಬಿಡಬೇಕು. ಈ ತರ್ಕವನ್ನು ನಾನು ಎಷ್ಟು ಸಲ ಓದಿದರೂ ಮೆಚ್ಚುತ್ತೇನೆ.

ಊರುಗಳು ಅಲುಗಲಿಲ್ಲ. 1983ರಲ್ಲಿ ಮುಖ್ಯ ನ್ಯಾಯಮೂರ್ತಿ ರಾಬರ್ಟ್ ವಿಲೆಂಟ್ಸ್ ಬರೆದ ಎರಡನೇ ತೀರ್ಪಿನಲ್ಲಿ ಸಿಟ್ಟು ಎದ್ದು ಕಾಣುತ್ತದೆ. ಪಾಲು ಕೊಡದ ಊರಿನ ಮೇಲೆ ಬಿಲ್ಡರ್ ಕೇಸು ಹಾಕಿ ಗೆದ್ದರೆ, ಒಂದಷ್ಟು ಮನೆ ಬಡವರಿಗೆ ಇಡುವ ಷರತ್ತಿನ ಮೇಲೆ ಅವನಿಗೆ ಕಟ್ಟಲು ಬಿಡಬೇಕು ಎಂದಿತು. 1985ರಲ್ಲಿ ಕಾಯಿದೆ ಬಂತು, ಉಸ್ತುವಾರಿಗೆ ಒಂದು ಮಂಡಳಿ ಬಂತು. ಆ ಮಂಡಳಿ ವರ್ಷಗಟ್ಟಲೆ ನಿಯಮವನ್ನೇ ಮಾಡದೆ ಕೂತಾಗ, 2015ರಲ್ಲಿ ಕೋರ್ಟ್ ಈ ಕೆಲಸವನ್ನು ಕೆಳಗಿನ ನ್ಯಾಯಾಲಯಗಳಿಗೇ ವಾಪಸು ಕೊಟ್ಟಿತು. 2024ರ ಹೊಸ ಕಾಯಿದೆ ಮಂಡಳಿಯನ್ನೇ ರದ್ದು ಮಾಡಿದೆ.

ಎಥೆಲ್ ಲಾರೆನ್ಸ್ 1994ರಲ್ಲಿ ತೀರಿಕೊಂಡರು. ಅವರ ಹೆಸರಿನ ವಸತಿಗೆ ಮೌಂಟ್ ಲಾರೆಲ್‌ನಲ್ಲಿ ಜನ ಬಂದದ್ದು ಅದಾದ ವರ್ಷಗಳ ಮೇಲೆ. ಗೆದ್ದ ಹೆಂಗಸು ಮನೆ ನೋಡಲಿಲ್ಲ ಎಂಬುದು ನನ್ನನ್ನು ಈಗಲೂ ಕಾಡುತ್ತದೆ. ಈ ವಸತಿಯನ್ನು ಪ್ರಿನ್ಸ್‌ಟನ್‌ನ ಸಮಾಜಶಾಸ್ತ್ರಜ್ಞ ಡಗ್ಲಸ್ ಮ್ಯಾಸ್ಸಿ ಮತ್ತು ಸಂಗಡಿಗರು ಅಧ್ಯಯನ ಮಾಡಿದರು. ಇದರಿಂದ ಸುತ್ತಲ ಅಪರಾಧ ಏರಿದ್ದಾಗಲಿ, ಮನೆಗಳ ಬೆಲೆ ಕುಸಿದದ್ದಾಗಲಿ ಅವರಿಗೆ ಕಾಣಲಿಲ್ಲ. ಇದನ್ನು ನಮ್ಮ ವಾಟ್ಸಾಪ್ ಗುಂಪಿಗೆ ಹಾಕಿದೆ. ಇಬ್ಬರು ಗುಂಪು ಬಿಟ್ಟರು. ಒಬ್ಬ ಹಿರಿಯರು ಮಾತ್ರ ಫೋನ್ ಮಾಡಿ, "ನೋಡಮ್ಮಾ, ನನ್ನ ಮಗಳಿಗೂ ಇಲ್ಲಿ ಬಾಡಿಗೆ ಕಟ್ಟೋಕೆ ಆಗ್ತಿಲ್ಲ, ಅದಕ್ಕೆ ಅರ್ಜಿ ಹೇಗೆ ಹಾಕೋದು?" ಅಂತ ಕೇಳಿದರು. ಆದಾಯದ ಮಿತಿ ಮನೆಯಲ್ಲಿ ಎಷ್ಟು ಜನ ಅನ್ನುವುದರ ಮೇಲೆ ಹೋಗುತ್ತದೆ, ತೆರಿಗೆ ರಿಟರ್ನ್, ಪೇ ಸ್ಲಿಪ್ ತೆಗೆದಿಟ್ಟಿರಿ ಎಂದೆ. ಶನಿವಾರ ಅವರ ಮನೆಗೆ ಹೋಗಿ ಅರ್ಜಿ ತುಂಬಿಸಿಕೊಡುತ್ತೇನೆ.