ವರ್ಷಗಟ್ಟಲೆ ನಿಲ್ಲುವ ಗಿಡಗಳು

ಒಂದೇ ಋತುವಿಗೆ ಒಣಗುವ ಚೆಂಡುಹೂವು ಸಾಕು, ವರ್ಷಗಟ್ಟಲೆ ನಿಲ್ಲುವ ಗಿಡ ಬೇಕು ಎಂದು ಅಮ್ಮ ಹಟ ಹಿಡಿದಿದ್ದರು. ಕಳೆದ ಜೂನ್ ಮಳೆಗೆ ಬಸವನಗುಡಿಯ ನಮ್ಮ ಹಿತ್ತಿಲಿನಲ್ಲಿ ದಾಸವಾಳ, ನಂದಿಬಟ್ಟಲು, ಕನಕಾಂಬರ, ಪಾರಿಜಾತ ನೆಟ್ಟೆವು. ಬಟ್ಟೆ ಒಗೆಯುವ ಕಲ್ಲಿನ ಪಕ್ಕದ ದುಂಡುಮಲ್ಲಿಗೆ ಮಾತ್ರ ಹಳೆಯದು. ಡಿಸೆಂಬರಿನಲ್ಲಿ ಅದನ್ನು ಮೊಣಕಾಲೆತ್ತರಕ್ಕೆ ಕತ್ತರಿಸುವಾಗ ನನ್ನ ಕೈ ನಡುಗಿತು. "ಕತ್ತರಿಸು, ಹೆದರಬೇಡ. ಹೊಸ ಚಿಗುರಿನಲ್ಲೇ ಅದು ಹೂ ಬಿಡುವುದು" ಎಂದರು ಅಮ್ಮ. ಇಂದು ಬೆಳಿಗ್ಗೆ ನೋಡಿದರೆ ಚಿಗುರಿನ ತುದಿಯಲ್ಲಿ ಮೂರು ಮೊಗ್ಗು, ಅಕ್ಕಿಕಾಳಿನಷ್ಟು, ತಿಳಿಹಸಿರು. ಮುಟ್ಟಲು ಮನಸ್ಸಾಗಲಿಲ್ಲ.

ಪಾರಿಜಾತ ಈಗ ಮಗಳ ಭುಜದೆತ್ತರ. ಶಾಲೆಗೆ ಹೊರಡುವ ಮುನ್ನ ಪಕ್ಕದಲ್ಲಿ ನಿಂತು ಅಳೆದುಕೊಳ್ಳುತ್ತಾಳೆ. ಅದು ಅಂಗಳದ ತುಂಬ ಹೂ ಸುರಿಸುವ ಹೊತ್ತಿಗೆ ಅವಳು ಯಾವ ತರಗತಿಯಲ್ಲಿರುತ್ತಾಳೋ!